ತೊಗರಿಯ ನಕ್ಷೆ, ಅಂಗಳದ ತುಂಡು ಫರಸಿ

ಈ ಸಂಗತಿಯನ್ನು ಕುರಕುಂಟಾದಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಚಹಾದ ಅಂಗಡಿಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಸೇಡಂ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದವರಿಗೂ ಹೇಳಿದೆ. ಈಗ ನಾನು ಬಾಯಿ ತೆರೆದರೆ ಮುಂದಿನ ಮಾತನ್ನು ಜನರೇ ಹೇಳಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ತಿದ್ದಿಕೊಟ್ಟವಳು ಮೊಮ್ಮಗಳು, ಮಾತು ಮಾತ್ರ ನನ್ನವು.

ನನ್ನ ಕಸಬು ಫರಸಿ ಹಾಸುವುದು. ಶಹಾಬಾದಿನ ಖಣಿಯಿಂದ ಬರುವ ಬೂದು ಬಣ್ಣದ ಚಪ್ಪಟೆ ಕಲ್ಲಿಗೆ ನಮ್ಮ ಕಡೆ ಫರಸಿ ಎನ್ನುತ್ತಾರೆ. ಆಡಕಿಯ ಒಂದು ಗೋದಾಮಿನಿಂದ ಶುರು ಮಾಡಿ ಚಿತ್ತಾಪುರ, ವಾಡಿ, ಚಿಂಚೋಳಿಯ ತನಕ ಎಷ್ಟು ಮನೆಗಳ ನೆಲ ಹಾಸಿದೆನೋ ಲೆಕ್ಕವಿಲ್ಲ. ಮೊಣಕಾಲು ಸೋತ ಮೇಲೆ ಬಿಟ್ಟೆ. ಕೆಲಸ ಮಾಡಿ ಉಳಿದ ತುಂಡು ಕಲ್ಲುಗಳು ಇನ್ನೂ ಅಂಗಳದ ಗೋಡೆಗೆ ಒರಗಿಕೊಂಡಿವೆ. ಅವನ್ನು ಯಾವಾಗ ಎತ್ತುತ್ತೀರಿ ಎಂದು ನಮ್ಮ ಮನೆಯಾಕೆ ವರ್ಷಕ್ಕೊಮ್ಮೆಯಾದರೂ ಕೇಳುತ್ತಾಳೆ.

ಮೊಮ್ಮಗಳು ನನ್ನ ಮಗಳ ಮಗಳು. ಅವಳ ತಂದೆ ತಾಯಿ ಇರುವುದು ಚಿಂಚೋಳಿಗೆ ಹತ್ತಿದ ಚಂದಾಪುರದಲ್ಲಿ. ಸೇಡಂನಲ್ಲಿ ಶಿಕ್ಷಕಿಯಾಗುವ ತರಬೇತಿಗೆ ಸೇರಿದಾಗಿನಿಂದ ನಮ್ಮಲ್ಲೇ ಇದ್ದು, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಓದಿನಲ್ಲಿ ಹುಷಾರು. ಒಂದು ಕೇಳಿದರೆ ಹತ್ತು ಹೇಳುತ್ತಾಳೆ. ತೊಂದರೆ ಇದ್ದದ್ದೂ ಅಲ್ಲೇ. ಹತ್ತರಲ್ಲಿ ಯಾವುದು ಮೊದಲು ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

ತರಬೇತಿಯ ಕೊನೆಗೆ ಒಂದು ಪರೀಕ್ಷಾ ಪಾಠ ಇರುತ್ತದೆ. ನಿಜವಾದ ಶಾಲೆಯ ನಿಜವಾದ ಮಕ್ಕಳಿಗೆ ಕಲಿಸಬೇಕು, ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಾರೆ. ಮೊದಲ ಸಲ ಅವಳು ಮಳೆಯ ಬಗ್ಗೆ ಪಾಠ ಮಾಡಿದಳು. ಮೋಡದಿಂದ ಹೊರಟು ಸಮುದ್ರಕ್ಕೆ ಹೋಗಿ, ಅಲ್ಲಿಂದ ಬಾವಿಗೆ ಬಂದು, ನಡುವೆ ದಾರಿ ತಪ್ಪಿ, ಕಪ್ಪು ಹಲಗೆಯ ಮುಂದೆ ಸುಮ್ಮನೆ ನಿಂತುಬಿಟ್ಟಳಂತೆ. ಮಕ್ಕಳು ನಕ್ಕರು. ಇನ್ನೊಂದು ಅವಕಾಶ ಕೊಡುತ್ತೇವೆ, ಅದೂ ಹೋದರೆ ವರ್ಷವೇ ಹೋಯಿತು ಎಂದರು ಪರೀಕ್ಷಕರು. ಮನೆಗೆ ಬಂದವಳು ಉಣ್ಣಲಿಲ್ಲ. ಈ ಸಲವೂ ಹೀಗಾದರೆ ಮತ್ತೊಂದು ವರ್ಷ ಕೂಡುವುದಿಲ್ಲ, ಚಂದಾಪುರಕ್ಕೆ ಹೋಗಿಬಿಡುತ್ತೇನೆ ಎಂದು ಅವಳ ಆಯಿಯ ಮುಂದೆ, ಅಂದರೆ ನಮ್ಮಾಕೆಯ ಮುಂದೆ, ಹೇಳಿದಳು. ನನ್ನ ಮುಂದೆ ಹೇಳಲಿಲ್ಲ. ಗೋಡೆಯ ಈಚೆಗೆ ಕುಳಿತಿದ್ದ ನನಗೆ ಕೇಳಿಸಿತು.

ಎರಡನೆಯ ಪಾಠಕ್ಕೆ ತೊಗರಿಯನ್ನು ಆರಿಸಿಕೊಂಡಳು. ಆ ಶಾಲೆಯ ಮಕ್ಕಳ ಮನೆಗಳಲ್ಲೆಲ್ಲ ತೊಗರಿಯನ್ನು ಒಕ್ಕುವ ರಾಶಿ ನಡೆದಿದ್ದ ದಿನಗಳು ಅವು.

ಆಗಲೇ ಅವಳ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬಿಡಿಸುವ ಒಂದು ಸಾಫ್ಟ್‌ವೇರ್ ಬಂತು. ಗೆಳತಿಯೊಬ್ಬಳು ಹೇಳಿಕೊಟ್ಟಿದ್ದಳಂತೆ. ಮೈಂಡ್ ಮ್ಯಾಪ್ ಅನ್ನುತ್ತಾರೆ. ತೆರೆಯ ನಡುವೆ ಒಂದು ಗೂಡು ಮಾಡಿ ಅದರಲ್ಲಿ ‘ತೊಗರಿ’ ಎಂದು ಬರೆದಳು. ಅದರಿಂದ ಐದು ದಪ್ಪ ಟೊಂಗೆ ಹೊರಟವು: ಹೊಲ, ಬೀಜ, ಹೂವು, ರಾಶಿ, ಬ್ಯಾಳಿ. ಬೇಳೆಗೆ ನಮ್ಮಲ್ಲಿ ಬ್ಯಾಳಿ ಎನ್ನುತ್ತಾರೆ. ಒಂದೊಂದು ಟೊಂಗೆಗೂ ಸಣ್ಣ ಕವಲು, ಕವಲಿಗೆ ಮತ್ತೆ ಕವಲು. ಒಂದು ಮಾತನ್ನು ಹಿಡಿದು ಎಳೆದರೆ ಅದರ ಹಿಂದಿನ ಕವಲೆಲ್ಲ ಅದರ ಸಂಗಡವೇ ಬಂದು ಇನ್ನೊಂದು ಟೊಂಗೆಗೆ ಹತ್ತಿಕೊಳ್ಳುತ್ತಿತ್ತು. ನನಗೆ ಕುಳಿತಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಯಾಕೆಂದರೆ ಇದು ನನ್ನ ಕೆಲಸವೇ ಆಗಿತ್ತು. ಗಾರೆ ಕಲಸುವ ಮೊದಲು ನಾವು ಕೋಣೆಯಲ್ಲಿ ಕಲ್ಲುಗಳನ್ನು ಒಣದಾಗಿ ಹರಡಿ ನೋಡುತ್ತೇವೆ. ಒಣ ಹಾಸು ಅನ್ನುತ್ತೇವೆ. ಇದು ಅಲ್ಲಿ, ಅದು ಇಲ್ಲಿ ಎಂದು ಹತ್ತು ಸಲ ಸರಿಸಿ, ಸರಿ ಕುಳಿತ ಮೇಲೆ ಪ್ರತಿ ಕಲ್ಲಿನ ಬೆನ್ನಿಗೆ ಬಳಪದಿಂದ ಅಂಕಿ ಬರೆಯುತ್ತೇವೆ. ಆಮೇಲೆ ಗಾರೆ. ಗಾರೆ ಬಿದ್ದ ಮೇಲೆ ಸರಿಸಲು ಬರುವುದಿಲ್ಲ. ಮೊಮ್ಮಗಳ ನಕ್ಷೆಯಲ್ಲಿ ಗಾರೆಯೇ ಇಲ್ಲ, ಯಾವಾಗ ಬೇಕಾದರೂ ಸರಿಸಬಹುದು. ಇಂಥದ್ದು ನಮ್ಮ ಕಾಲಕ್ಕಿದ್ದಿದ್ದರೆ ನನ್ನ ಮೊಣಕಾಲು ಉಳಿಯುತ್ತಿದ್ದವು.

ಆ ಸಾಫ್ಟ್‌ವೇರ್ ಪುಕ್ಕಟೆ ಎಂದಳು. ನನಗೆ ಸಂಶಯ ಬಂತು. ಪುಕ್ಕಟೆ ಕೊಡುವವನಿಗೆ ಏನೋ ಬೇಕಾಗಿರುತ್ತದೆ ಎಂದೆ. ಹಾಗಲ್ಲ, ಬಲ್ಲವರು ಸೇರಿ ಮಾಡಿ ಇಟ್ಟಿರುತ್ತಾರೆ, ಬೇಕಾದವರು ತೆಗೆದುಕೊಳ್ಳಬಹುದು, ಬರುವವರು ಇನ್ನಷ್ಟು ಸುಧಾರಿಸಬಹುದು ಎಂದು ತಿಳಿಸಿದಳು. ಆಗ ನನಗೆ ವಾಡಿ ಸ್ಟೇಷನ್ ನೆನಪಾಯಿತು. ಬೇಸಿಗೆಯಲ್ಲಿ ರೈಲು ನಿಂತ ಕೂಡಲೇ ಜನ ಕೊಡ ಹೊತ್ತು ಕಿಟಕಿ ಕಿಟಕಿಗೆ ನೀರು ಕೊಡುತ್ತಿದ್ದರು. ಕುಡಿದವನ ಊರು ಯಾವುದು ಎಂದು ಕೇಳುತ್ತಿರಲಿಲ್ಲ, ರೈಲು ಹೋಗಿಬಿಡುತ್ತಿತ್ತು. ನಾನೂ ಕುಡಿದಿದ್ದೇನೆ. ಮತ್ತೆ ಆ ವಿಷಯ ತೆಗೆಯಲಿಲ್ಲ.

ದಿನಾ ಸಂಜೆ ಅವಳು ನಕ್ಷೆಗೆ ಮಾತು ಸೇರಿಸುತ್ತಿದ್ದಳು. ಬರೆದದ್ದನ್ನು ಜೋರಾಗಿ ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ತೊಗರಿಯ ಕಟ್ಟಿಗೆಯಿಂದ ಏನೇನು ಆಗುತ್ತದೆ ಎಂದು ಅವಳ ಆಯಿಯನ್ನು ಕೇಳಿ ಒಲೆ, ಕಸಬರಿಗೆ, ತಡಿಕೆ ಎಂದು ಮೂರು ಕವಲು ಮಾಡಿದಳು. ನಕ್ಷೆ ತೆರೆ ದಾಟಿ ಆಚೆ ಈಚೆ ಬೆಳೆಯಿತು. ನೋಡಲು ಚೆಂದವಿತ್ತು. ಆದರೆ ಪಾಠ ಹೇಳಲು ನಿಂತರೆ ಮತ್ತೆ ಅದೇ ಗತಿ. ಒಮ್ಮೆ ಬೀಜದಿಂದ ಶುರು, ಒಮ್ಮೆ ರೋಗದಿಂದ, ಒಮ್ಮೆ ಬಾಯಿಗೆ ಬಾರದ ಯಾವುದೋ ಇಂಗ್ಲಿಷ್ ಹೆಸರಿನಿಂದ.

ಪಾಠಕ್ಕೆ ಎರಡು ದಿನ ಇತ್ತು. ಅವಳು ಕಾಲೇಜಿಗೆ ಹೋಗಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಅದರ ಬ್ಯಾಟರಿ ಸತ್ತು ಬಹಳ ದಿನವಾದ್ದರಿಂದ ಅದನ್ನು ಗೋಡೆಯ ಪ್ಲಗ್ಗಿನಿಂದ ಕದಲಿಸುವ ಹಾಗಿರಲಿಲ್ಲ. ನಾನು ನಮ್ಮಾಕೆಯನ್ನು ಕರೆದೆ, ಮೊಮ್ಮಗಳು ಎಂಥ ಕೆಲಸ ಮಾಡಿದ್ದಾಳೆ ಬಂದು ನೋಡು ಎಂದು. ಮೌಸ್ ನನ್ನ ಕೈಯಲ್ಲಿ ನೆಟ್ಟಗೆ ಹೋಗುವುದಿಲ್ಲ. ಅದಕ್ಕೆ ತೆರೆಯನ್ನು ನೋಡುವುದಕ್ಕಿಂತ ಕೈಯನ್ನೇ ನೋಡುತ್ತ, ಇದು ಹೊಲ ಎಂದು ಒಂದು ಒತ್ತಿದೆ, ಇದು ಬೀಜ ಎಂದು ಒಂದು ಒತ್ತಿದೆ. ಹೀಗೆ ಐದೂ ಟೊಂಗೆ ತೋರಿಸಿ ಮುಗಿಸಿದೆ.

ನಮ್ಮಾಕೆ ಅಷ್ಟೊತ್ತೂ ತೆರೆಯನ್ನೇ ನೋಡುತ್ತಿದ್ದಳು. “ಈಗ ತನಾ ಗಿಡ ಕಾಣ್ಲಿಕತ್ತಿತ್ತು. ಬರೇ ಬೊಡ್ಡಿ ಉಳೀತಲ್ರಿ. ಏನ್ ಮಾಡಿದ್ರಿ?” ಎಂದಳು.

ತಲೆ ಎತ್ತಿ ನೋಡಿದೆ. ಕವಲು ಒಂದೂ ಇರಲಿಲ್ಲ. ಐದು ಮೊಂಡು ಟೊಂಗೆ, ಒಂದೊಂದರ ತುದಿಗೆ ಸಾಸಿವೆಯಷ್ಟು ಒಂದು ಸೊನ್ನೆ. ಮೂರು ವಾರದ ಕೆಲಸ.

ಇನ್ನೊಂದು ಸಲ ಒತ್ತಿ ನೋಡಿರಿ ಎಂದಳು ಅವಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಬಿರುಕು ಕಂಡ ಕಲ್ಲಿಗೆ ಮತ್ತೆ ಪೆಟ್ಟು ಹಾಕಬಾರದು. ನಲವತ್ತು ವರ್ಷ ನಡೆಸಿದ ನೇಮ ಇದು, ಇದರಿಂದಲೇ ಎಷ್ಟೋ ಕಲ್ಲು ಉಳಿಸಿದ್ದೇನೆ. ಮೌಸಿನ ಮೇಲೆ ಒಂದು ಟವೆಲ್ ಮುಚ್ಚಿ ಎದ್ದು ಹೊರಗೆ ಬಂದೆ.

ಅಂಗಳದಲ್ಲಿ ಹೊತ್ತು ಲೆಕ್ಕ ಹಾಕಿದೆ. ಮೊಮ್ಮಗಳು ಸಂಜೆ ಬರುತ್ತಾಳೆ. ಬರುವುದರೊಳಗೆ, ನಾನು ಕೇಳಿದ್ದೆಲ್ಲ ಮರೆಯುವ ಮೊದಲು, ಎಲ್ಲಿಯಾದರೂ ಇಡಬೇಕು. ಕಾಗದದ ಮೇಲೆ ನನ್ನ ಕೈ ಓಡುವುದಿಲ್ಲ. ಕಲ್ಲಿನ ಮೇಲೆ ಓಡುತ್ತದೆ. ಗೋಡೆಗೆ ಒರಗಿಸಿದ್ದ ತುಂಡು ಫರಸಿಗಳನ್ನು ಒಂದೊಂದಾಗಿ ಎಳೆದೆ. ಹಳೆಯ ಡಬ್ಬಿಯಲ್ಲಿ ಬಳಪ ಸಿಕ್ಕಿತು. ನಡುವೆ ದೊಡ್ಡದೊಂದು ಕಲ್ಲು ಇಟ್ಟು ‘ತೊಗರಿ’ ಎಂದು ಬರೆದೆ. ಸುತ್ತ ನೆನಪಾದದ್ದನ್ನೆಲ್ಲ ಬರೆದು ಬರೆದು ಇಟ್ಟೆ. ಎರೆ ಮಣ್ಣು, ಮಳೆ, ಹಳದಿ ಹೂ, ಕಾಯಿ ಕೊರಿಯೋ ಹುಳ, ಕಟ್ಟಿಗೆ, ಕಸಬರಿಗೆ, ಗಿರಣಿ, ಬ್ಯಾಳಿ. ಮೊಣಕಾಲು ಊರಿಯೇ ಮಾಡಿದೆ, ನೋಯುತ್ತಿದ್ದದ್ದು ಆಗ ಗೊತ್ತಾಗಲಿಲ್ಲ.

ಕಲ್ಲು ಇಡುತ್ತ ಇಡುತ್ತ ಕೈ ತಾನಾಗಿಯೇ ಕಸಬಿನ ದಾರಿ ಹಿಡಿಯಿತು. ಕೋಣೆಗೆ ಫರಸಿ ಹಾಸುವಾಗ ನಡುವನ್ನು ಗುರುತು ಮಾಡಿಕೊಳ್ಳುತ್ತೇವೆ ನಿಜ, ಆದರೆ ಮೊದಲು ನೋಡುವುದು ಬಾಗಿಲನ್ನು. ಒಳಗೆ ಬರುವವರ ಮೊದಲ ಹೆಜ್ಜೆ ಇಡೀ ಕಲ್ಲಿನ ಮೇಲೆ ಬೀಳಬೇಕು. ತುಂಡುಗಳೆಲ್ಲ ದೂರದ ಮೂಲೆಗೆ, ಮಂಚದ ಕೆಳಗೆ. ಈ ತೊಗರಿಗೆ ನಡು ಇತ್ತು, ಬಾಗಿಲು ಇರಲಿಲ್ಲ. ಅದನ್ನೇ ಬಾಯಿಬಿಟ್ಟು ಹೇಳಿದೆ, ಇದಕ್ಕೆ ಬಾಗಿಲು ಯಾವುದು, ಎಲ್ಲಿ ಮೊದಲ ಕಲ್ಲು ಇಡಲಿ ಎಂದು.

ನಮ್ಮಾಕೆ ಮೊರ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದಳು: “ಬಾಗಿಲದಾಗ ಬ್ಯಾಳಿ ಇಡ್ರಿ. ಹುಡುಗ್ರು ಮುಂಜಾನಿ ಎದ್ದು ಹೊಲ ತಿಂತಾವೇನು, ಬೀಜ ತಿಂತಾವೇನು?”

ಬ್ಯಾಳಿಯ ಕಲ್ಲನ್ನು ಎತ್ತಿ ಅಂಗಳದ ಬಾಗಿಲಿಗೆ ಎದುರಾಗಿ ಇಟ್ಟೆ. ಅಲ್ಲಿಂದ ಗಿರಣಿ, ಗಿರಣಿಯಿಂದ ರಾಶಿ, ರಾಶಿಯಿಂದ ಕಾಯಿ, ಹೂವು, ಮಣ್ಣು. ಹಿಂದು ಹಿಂದಕ್ಕೆ ದಾರಿ ಬಿತ್ತು.

ಮೊಮ್ಮಗಳು ಬಸ್ಸಿಳಿದು ಬಂದಳು. ನಾನು ಅಂಗಳದಲ್ಲೇ ಅವಳನ್ನು ನಿಲ್ಲಿಸಿ, ನಕ್ಷೆ ಕೆಡಿಸಿದ್ದೇನೆ ಎಂದು ಹೇಳಿದೆ. ಮುಖ ಸಣ್ಣದಾಯಿತು. ಚಪ್ಪಲಿ ಬಿಡದೆ ಒಳಗೆ ಹೋದಳು. ಟವೆಲ್ ತೆಗೆದಳು. ಒಂದು ಸೊನ್ನೆಯನ್ನು ಒತ್ತಿದಳು. ಕವಲೆಲ್ಲ ಫಟ್ಟನೆ ಬಿಚ್ಚಿಕೊಂಡವು.

“ಮುತ್ಯಾ, ಏನೂ ಹೋಗಿಲ್ಲ. ಮಡಚಿ ಇಟ್ಟಿದಿ ಅಷ್ಟೇ” ಎಂದಳು.

ನಾನು ಕಂಬಕ್ಕೆ ಒರಗಿ ಕುಳಿತೆ. ಮತ್ತೊಂದು ಒತ್ತಿ ನೋಡಿರಿ ಎಂದು ಹೇಳಿದವಳು ನಾನಲ್ಲವೇ ಎಂದು ನಮ್ಮಾಕೆ ಒಳಗಿಂದ ಹೇಳುತ್ತಿದ್ದಳು, ಅದು ಬೇರೆ.

ನಗುತ್ತ ಹೊರಗೆ ಬಂದ ಮೊಮ್ಮಗಳು ಅಂಗಳವನ್ನು ನೋಡಿ ನಗು ನಿಲ್ಲಿಸಿದಳು. ಬಾಗಿಲ ಕಲ್ಲಿನಿಂದ ನಡುಗಲ್ಲಿನ ತನಕ ಒಂದೊಂದೇ ಓದುತ್ತ ಹೋದಳು. ಆಮೇಲೆ ಒಳಗೆ ಹೋಗಿ ತೆರೆ ನೋಡಿ ಬಂದಳು, ಮತ್ತೆ ಹೋದಳು. ಅವಳ ನಕ್ಷೆಯಲ್ಲಿದ್ದ ಅರ್ಧದಷ್ಟು ಮಾತುಗಳು ನನ್ನ ಅಂಗಳದಲ್ಲಿ ಇರಲಿಲ್ಲ. ಅವು ನೆನಪಾಗಲಿಲ್ಲವ್ವಾ, ತಪ್ಪು ತಿಳಿಯಬೇಡ ಎಂದೆ. ಮೂರು ವಾರ ದಿನಾ ಕೇಳಿದವನಿಗೇ ನೆನಪುಳಿಯದ್ದು, ಒಂದು ತಾಸು ಕೇಳುವ ಹುಡುಗರಿಗೆ ಉಳಿಯುತ್ತದೆಯೇ ಎಂದು ಅವಳು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಅವತ್ತು ಕುಳಿತು, ಅಂಗಳದಲ್ಲಿ ಇಲ್ಲದ್ದನ್ನೆಲ್ಲ ಎಳೆದು ಒಂದೇ ಟೊಂಗೆಗೆ ಸೇರಿಸಿ ಮಡಚಿಟ್ಟಳು. ಮಕ್ಕಳು ಕೇಳಿದರೆ ಮಾತ್ರ ಬಿಚ್ಚುವುದಂತೆ. ಬ್ಯಾಳಿಯ ಟೊಂಗೆಯನ್ನು ಮೇಲಕ್ಕೆ ತಂದಳು.

ಪಾಠದ ದಿನ ನಾನೂ ಅವಳ ಸಂಗಡ ಸೇಡಂಗೆ ಹೋದೆ. ಶಾಲೆಯ ಗೇಟಿನ ಹತ್ತಿರದ ಬೇವಿನ ಕೆಳಗೆ ಕೂತಿರು ಎಂದಳು. ಆದರೆ ಆ ಶಾಲೆಯ ಪಡಸಾಲೆಯ ಫರಸಿ ನಾನು ಹರೆಯದಲ್ಲಿ ಹಾಸಿದ್ದು. ಸಂದುಗಳು ಹೇಗಿವೆ ನೋಡಿ ಬರುತ್ತೇನೆ ಎಂದು ಕಾವಲಿನವನಿಗೆ ಹೇಳಿ, ಅವಳ ಕೋಣೆಯ ಕಿಟಕಿಯ ಕೆಳಗೆ ಬಂದು ಕುಳಿತೆ.

ಮುಂಜಾನೆ ಏನು ಉಂಡು ಬಂದಿರಿ ಎಂದು ಅವಳು ಮಕ್ಕಳನ್ನು ಕೇಳಿದಳು. ಬ್ಯಾಳಿ ಎನ್ನುತ್ತಾರೆ ಎಂದು ನಾನು ಕಾದೆ. ಮುಂದಿನ ಸಾಲಿನ ಹುಡುಗಿ ಎದ್ದು ಹೇಳಿದಳು: “ಪುಂಡಿಪಲ್ಯಾ, ರೊಟ್ಟಿರಿ.”

ಹುಳಿ ಸೊಪ್ಪಿನ ಪಲ್ಯ ಅದು, ಬ್ಯಾಳಿಯ ಹೆಸರೇ ಬರಲಿಲ್ಲ. ಮಳೆಯ ಪಾಠದಲ್ಲಿ ನಿಂತಂತೆ ಇಲ್ಲಿಯೂ ನಿಂತಳು ಎಂದುಕೊಂಡೆ. ನನ್ನ ಅಂಗೈ ಫರಸಿಗೆ ಒತ್ತಿಕೊಂಡಿತ್ತು.

“ಪುಂಡಿಪಲ್ಯಾದಾಗ ನಿಮ್ಮವ್ವ ಏನ್ ಹಾಕ್ಯಾಳ?” ಎಂದು ಮೊಮ್ಮಗಳ ದನಿ ಕೇಳಿಸಿತು.

ಹುಡುಗಿ ವಿಚಾರ ಮಾಡಿದಳು. “ಬ್ಯಾಳಿ ಹಾಕ್ಯಾಳ್ರಿ.”

ಅಲ್ಲಿಂದ ಮುಂದೆ ನಾನು ಹೆಚ್ಚು ಕೇಳಲಿಲ್ಲ, ಕಿವಿ ಗುಂಯ್ ಅನ್ನುತ್ತಿತ್ತು. ಗಿರಣಿಗೆ ಹೋದದ್ದು ಗೊತ್ತು. ಯಾರೋ ತಮ್ಮ ಮನೆಯ ರಾಶಿಯ ಕಥೆ ಹೇಳಿದರು. ಇನ್ನೊಬ್ಬನು ಬೇರಿನ ಮೇಲಿನ ಗಂಟು ಯಾಕೆ ಎಂದು ಕೇಳಿದ. ಅದು ಅವಳು ಮಡಚಿಟ್ಟ ಟೊಂಗೆಯದು. ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು, ಬಾಯಲ್ಲೇ ಬಿಚ್ಚಿ ಹೇಳಿದಳು, ಮತ್ತೆ ಮಡಚಿ ದಾರಿಗೆ ಬಂದಳು. ಗಂಟೆ ಬಾರಿಸಿದಾಗ ಅವಳು ಮಣ್ಣಿಗೆ ಬಂದು ಮುಟ್ಟಿದ್ದಳು.

ಹೊರಗೆ ಬಂದವಳು ನನ್ನನ್ನು ಬೇವಿನ ಕೆಳಗೆ ಹುಡುಕಲೇ ಇಲ್ಲ, ನೇರ ಕಿಟಕಿಯ ಕೆಳಗೆ ಬಂದಳು. ಈ ಸಲ ದಾರಿ ತಪ್ಪಲಿಲ್ಲ, ಇನ್ನು ಬರಬೇಕಾಗಿಲ್ಲ ಎಂದರಂತೆ ಹಿರಿಯ ಪರೀಕ್ಷಕರು. ಪಾಸು. ನಾನು ಅಳಲಿಲ್ಲ ಎಂದು ಬರೆಯಬೇಕೆಂದಿದ್ದೆ, ತಿದ್ದುವವಳು ಬಿಡುವುದಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಎರಡೆರಡು ಚಹಾ ಕುಡಿದೆವು. ಅಲ್ಲಿಂದಲೇ ನಾನು ಹೇಳಲು ಶುರು ಮಾಡಿದ್ದು, ಚಹಾ ಕೊಟ್ಟವನಿಗೆ ಮೊದಲು.

ಕಲ್ಲುಗಳು ಅಂಗಳದಲ್ಲಿ ಇನ್ನೂ ಹಾಗೆಯೇ ಇವೆ. ಎತ್ತುವ ಮಾತನ್ನು ನಮ್ಮಾಕೆ ಈಗ ಆಡುವುದಿಲ್ಲ, ಸುತ್ತ ಗುಡಿಸುತ್ತಾಳೆ. ನಿನ್ನೆ ನಾನು ಇದನ್ನು ಬರೆಯುತ್ತ ಕುಳಿತಾಗ ಕಸಬರಿಗೆ ಹಿಡಿದೇ ಹತ್ತಿರ ಬಂದು ನಿಂತಳು.

“ಊರಾಗೆಲ್ಲ ಹೇಳ್ಕೋತ ತಿರಗಾಡ್ಲಿಕತ್ತೀರಿ. ಬಾಗಿಲದಾಗ ಬ್ಯಾಳಿ ಇಡು ಅಂದಾಕಿ ನಾನು ಅಂತ ಒಬ್ಬರಿಗರೆ ಹೇಳೀರೇನು?”

ಹೇಳಿರಲಿಲ್ಲ. ಇಲ್ಲಿ ಬರೆದಿದ್ದೇನೆ.