ವೇಷವಿಲ್ಲದ ಕುಣಿತ

ತಿಮ್ಮರಾಜುವನ್ನು ಹೆಣ್ಣಿಗ ಅಂದವನ ಬಾಯಿಗೆ ಒಂದಲ್ಲ ಒಂದು ದಿನ ನಾನೇ ಹೊಲಿಗೆ ಹಾಕುತ್ತೇನೆ, ಬರೆದಿಟ್ಟುಕೊಳ್ಳಿ. ರಾಯದುರ್ಗದ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುವ ಹೆಂಗಸರಿಗೆಲ್ಲ ಮೇಸ್ತ್ರಿ ನಾನು, ಓಬಮ್ಮ. ಅವನು ಅಮರಾಪುರದ ಕಡೆಯ ಹಳ್ಳಿಯಿಂದ ಬಂದ ಟೈಲರ್. ಮಷಿನ್ನಿನ ಮುಂದೆ ಕೂತರೆ ಕಾಲು ಪೆಡಲಿನ ಮೇಲೆ, ಕಣ್ಣು ಇನ್ನೆಲ್ಲೋ. ಎಷ್ಟು ಬೈದರೂ ನಗುತ್ತಿತ್ತು, ಮುಂಡೇದು!

ಊರಿನ ನಾಟಕಗಳಲ್ಲಿ ಅವನದು ಯಾವಾಗಲೂ ಹೆಣ್ಣುಪಾತ್ರ. ತಾಯಿ ಲಕ್ಷ್ಮಕ್ಕನೇ ತನ್ನ ಸೀರೆ ಉಡಿಸಿ, ಹೂ ಮುಡಿಸಿ ಕಳಿಸುತ್ತಿದ್ದಳಂತೆ.

"ಸೀರೆ ಉಟ್ಟಾಗ ಊರೆಲ್ಲ ಭೇಷ್ ಅಂತಾರೆ ಅಕ್ಕ. ಬಿಚ್ಚಿಟ್ಟ ಮೇಲೂ ನಾನು ಅವನೇ ಅಲ್ವಾ? ಆಗ ಯಾಕೆ ನಗ್ತಾರೆ?" ಎಂದು ಒಮ್ಮೆ ಊಟದ ಹೊತ್ತಲ್ಲಿ ಕಣ್ಣೀರು ಹಾಕುತ್ತ ಕೇಳಿದ. ತನ್ನ ಮನಸ್ಸು ಗಂಡಸರ ಮೇಲೆಯೇ ಹೋಗುವುದೆಂದೂ ಅವತ್ತೇ ಹೇಳಿದ.

"ಇರ್ಲಿ ಬಿಡೋ, ಅದಕ್ಯಾಕ ಅಳ್ತಿ? ಮೊದ್ಲು ಊಟ ಮಾಡು" ಅಂದೆ. ನನ್ನ ಡಬ್ಬಿಯ ರೊಟ್ಟಿಯನ್ನೂ ಅವನ ಮುಂದಿಟ್ಟೆ.

ಆ ಹೊತ್ತಿಗೆ ಅನಂತಪುರದಿಂದ ಶ್ರಾವಣಿ ಎಂಬ ಹುಡುಗಿ ಬಂದು ಭಾನುವಾರಗಳಲ್ಲಿ ಹೊಸ ಥರದ ಕುಣಿತ ಕಲಿಸತೊಡಗಿದಳು. ಕಥೆಯಿಲ್ಲ, ಬಣ್ಣವಿಲ್ಲ, ಗೆಜ್ಜೆಯಿಲ್ಲ. ಮೈ ಏನು ಹೇಳುತ್ತದೋ ಅದೇ ಕುಣಿತ. ನನಗೆ ತಲೆಬುಡ ತಿಳಿಯಲಿಲ್ಲ. ತಿಮ್ಮರಾಜು ಮಾತ್ರ ಅದರಲ್ಲೇ ಮುಳುಗಿದ.

ಅಷ್ಟರಲ್ಲಿ ಲಕ್ಷ್ಮಕ್ಕ ಅವರೂರಿಗೆ ಹತ್ತಿರದ ರೊಳ್ಳದಲ್ಲಿ ಹೆಣ್ಣು ಗೊತ್ತುಮಾಡಿ, ಶುಕ್ರವಾರಕ್ಕೆ ತಾಂಬೂಲ ಎಂದು ಫೋನ್ ಮಾಡಿದಳು. ಬೇಡ ಅನ್ನಲು ಇವನಿಗೆ ಧೈರ್ಯ ಸಾಲಲಿಲ್ಲ. "ಅದಕ್ಕೂ ಮುಂಚೆ ಭಾನುವಾರ ನನ್ನ ಕುಣಿತ ಐತೆ, ಬಾರಮ್ಮ" ಎಂದಷ್ಟೇ ಹೇಳಿದ. ನೋಡಿದರೆ ಅಮ್ಮನಿಗೆ ತಿಳಿಯುತ್ತದೆಂದು ಅವನ ನಂಬಿಕೆ. ತಿಳಿಯದಿದ್ದರೆ ಇವನ ಬಾಳೂ ಹಾಳು, ಆ ಹುಡುಗಿಯದೂ ಹಾಳು.

ಭಾನುವಾರ ಮಷಿನ್ನುಗಳನ್ನು ಗೋಡೆಗೆ ಸರಿಸಿ ಯೂನಿಟ್ಟಿನ ನಡುಜಾಗವನ್ನೇ ರಂಗ ಮಾಡಿದೆವು. ಓನರನ್ನು ಒಪ್ಪಿಸಿದವಳು ನಾನೇ, ಹೇಗೆಂದು ಕೇಳಬೇಡಿ. ಲಕ್ಷ್ಮಕ್ಕ ಬಸ್ಸಿಳಿದು ಬಂದವಳೇ ಚೀಲದಿಂದ ಹಸಿರು ಸೀರೆ, ಬಳೆ, ಮಲ್ಲಿಗೆ ತೆಗೆದಳು.

"ಬಾರೋ, ಹೊತ್ತಾಯ್ತು. ಉಡಿಸ್ತೀನಿ."

"ಇವತ್ತು ವೇಷ ಇಲ್ಲ ಕಣಮ್ಮ."

"ವೇಷ ಇಲ್ದೆ ಕುಣುದ್ರೆ ಜನ ನಿನ್ನೇ ಆಡ್ಕೊಳ್ಳಲ್ವೇನೋ!" ಅವಳ ಮುಖ ಬಾಡಿಹೋಯಿತು.

ಕಿಟಕಿಯಿಂದ ಸಂಜೆ ಬಿಸಿಲು ಬಂದಿತ್ತು. ಜೀನ್ಸಿನ ನೀಲಿ ಧೂಳು ಅದರಲ್ಲಿ ತೇಲುತ್ತಿತ್ತು. ಬನಿಯನ್ನು, ತಾನೇ ಹೊಲಿದ ಪ್ಯಾಂಟು ತೊಟ್ಟು ತಿಮ್ಮರಾಜು ಬರಿಗಾಲಲ್ಲಿ ಬಂದ. ಹಣ್ಣಾದ ರೇಷ್ಮೆಹುಳ ಗೂಡು ಕಟ್ಟಲು ಜಾಗ ಹುಡುಕಿ ತಲೆ ಎತ್ತಿ ಆಡಿಸುತ್ತದಲ್ಲ, ಹಾಗೆ ಅವನ ಕತ್ತು ಮೆಲ್ಲಗೆ ಆಡಿತು. ಆ ಕಡೆಯಿಂದ ಜೊತೆಗೆ ಕಲಿಯುತ್ತಿದ್ದ ಪ್ರಸಾದ್ ಬಂದ. ಇಬ್ಬರ ಅಂಗೈಗಳು ಹತ್ತಿರವಾದವು, ದೂರವಾದವು, ಮತ್ತೆ ಹತ್ತಿರವಾದವು. ನಾನು ನೆಲದ ಮೇಲೆ ಕೂತಿದ್ದೇನೋ ತೇಲುತ್ತಿದ್ದೇನೋ ಗೊತ್ತಾಗಲಿಲ್ಲ. ಕೊನೆಗೆ ಇಬ್ಬರೂ ಕೈ ಹಿಡಿದುಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದೆ, ಆ ಬಾಯಿ ಮುಚ್ಚಿತು.

ಲಕ್ಷ್ಮಕ್ಕ ಮಾತ್ರ ನನ್ನನ್ನು ತಿವಿಯುತ್ತಲೇ ಇದ್ದಳು. "ರಾಣಿ ಪಾತ್ರವಾ? ಸಖೀದಾ? ಯಾವ್ದಮ್ಮ ಇದು?"

"ಸುಮ್ನ ನೋಡ್ರಿ" ಎಂದು ಗದರಿದೆ.

ಮುಗಿದ ಮೇಲೆ ತಿಮ್ಮರಾಜು ಬೆವರು ಸುರಿಸುತ್ತಾ ಬಂದು ಅವಳ ಕಾಲ ಬಳಿ ಕೂತ.

"ಯಾವ ಪಾತ್ರ ಮಗಾ ಅದು?"

"ಪಾತ್ರ ಅಲ್ಲಮ್ಮ, ನಾನೇ. ಮೊದ್ಲಿಂದ್ಲೂ ನಾನು ಹಿಂಗೇ. ಆ ಹುಡುಗೀನ ಕಟ್ಕೊಂಡು ಮೋಸ ಮಾಡಕ್ಕಾಗಲ್ಲ."

ಜನವೆಲ್ಲ ಹೋದ ಮೇಲೆ ಲಕ್ಷ್ಮಕ್ಕ ಹಸಿರು ಸೀರೆ, ಬಳೆಗಳನ್ನು ಮತ್ತೆ ಚೀಲಕ್ಕೆ ಹಾಕಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ರೊಳ್ಳದ ಹೆಣ್ಣಿನ ಮನೆಗೆ ಫೋನ್ ಹಚ್ಚಿದಳು.

"ತಾಂಬೂಲ ಬ್ಯಾಡಪ್ಪ. ನಿಮ್ಮ ಹುಡುಗೀದೇನೂ ತಪ್ಪಿಲ್ಲ. ನಮ್ಮ ಹುಡುಗಂದೂ ತಪ್ಪಿಲ್ಲ."

ಆ ಕಡೆಯ ಬೈಗುಳ ನನಗೂ ಕೇಳಿಸಿತು. ಪೂರ್ತಿ ಬೈಸಿಕೊಂಡು ಫೋನ್ ಇಟ್ಟಳು.

"ಎದ್ದೇಳು. ಇನ್ನೊಂದ್ಸಲ ಕುಣಿ" ಅಂದಳು ಮಗನಿಗೆ.

"ಯಾಕಮ್ಮ?"

"ಆಗ್ಲೆಲ್ಲ ಪಾತ್ರ ಹುಡುಕ್ತಾ ಕೂತಿದ್ದೆ ಕಣೋ. ನಿನ್ನ ನೋಡ್ಲೇ ಇಲ್ಲ."