ಅಮ್ಮ ಬಿಚ್ಚಿದ ಸೇವಂತಿಗೆ ಮಾಲೆ

ಇವತ್ತು ಹೊಸೂರಿನ ಬಸ್ಸಿನಲ್ಲಿ ಪಕ್ಕದವರ ಬುಟ್ಟಿಯಿಂದ ಸೇವಂತಿಗೆ ವಾಸನೆ ಬಂದದ್ದೇ ತಡ, ನಾನು ತಳಿ ಎಂಬ ಊರಿನ ನಮ್ಮ ಹಳೇ ಮನೆ ಜಗುಲಿಯಲ್ಲಿದ್ದೆ.

ಆಗ ನಾನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿದ್ದೆ. ಇನ್ನೊಂದು ಸಲ ಫೇಲಾದರೆ ಶಾಲೆ ಬಿಡಿಸಿ ಹೂವಿನ ತೋಟಕ್ಕೆ ಕಳಿಸುತ್ತೇನೆಂದು ಅಪ್ಪ ಹೇಳಿಯಾಗಿತ್ತು. ನನ್ನನ್ನು ಕಾಡಿದ್ದು 'ಹ್ಯಾಡ್' ಆದಮೇಲೆ ಜೋಡಿಯಾಗಿ ಬರುವ ಕ್ರಿಯಾಪದಗಳು. 'ಹ್ಯಾಡ್ ಡಿಸೈಡೆಡ್' ಅಂದರೆ ಮುಂದೆ 'ಟು ಗೋ', 'ಹ್ಯಾಡ್ ಫಿನಿಶ್ಡ್' ಅಂದರೆ 'ಈಟಿಂಗ್'. ಯಾಕೆಂದು ಕೇಳಿದರೆ ಮೇಷ್ಟ್ರು ಬಾಯಿಪಾಠ ಮಾಡು ಅಂದಿದ್ದರು.

ಸಂಜೆ ಅಮ್ಮ ಹೂ ಕಟ್ಟುತ್ತ ನನ್ನಿಂದ ಅವನ್ನೆಲ್ಲ ಹೇಳಿಸುತ್ತಿದ್ದಳು. ಅವಳಿಗೆ ಓದು ಬರಹ ಗೊತ್ತಿರಲಿಲ್ಲ. ಆದರೆ ನಾನು ತಡವರಿಸಿದ ಕೂಡಲೇ, ತಾನು ಕಟ್ಟಿದ್ದ ಮೊಳ ಹೂವನ್ನು ಬಿಚ್ಚಿಬಿಡುತ್ತಿದ್ದಳು.

"ಬಿಚ್ಬೇಡಮ್ಮ, ಹೂವನ್ನ ಮಾರ್ಕೆಟ್‌ಗೆ ಒಯ್ಯೋ ಜೀಪು ಬರೋ ಹೊತ್ತಾಯ್ತು," ಎಂದು ಅಳುತ್ತಿದ್ದೆ.

"ನಂಗೆ ಇಂಗ್ಲೀಷ್ ಗೊತ್ತಿಲ್ಲ ಕಣೇ, ನೀನು ತಡವರ್ಸೋದು ಗೊತ್ತಾಯ್ತದೆ. ಮೊದ್ಲಿಂದ ಹೇಳು. ನಾನೂ ಮೊದ್ಲಿಂದ ಕಟ್ತೀನಿ."

ಒಂದು ಸಂಜೆ, ಮೂರು ಸಲ ಬಿಚ್ಚಿಸಿದ ಮೇಲೆ, ಕಣ್ಣೊರೆಸಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಮ್ಮ ದಾರ ಕಡಿದು ಗಂಟು ಹಾಕಿದಳು.

ಈಗ ನಾನು ಫ್ಯಾಕ್ಟರಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಯಾರಾದರೂ ಹೇಳುವಾಗ ನಡುವೆ ತಡವರಿಸಿದರೆ ಬೋರ್ಡಿನ ಮೇಲೆ ನಾನು ಬರೆದದ್ದನ್ನೆಲ್ಲ ಅಳಿಸಿ, ಅವರೊಂದಿಗೆ ಮೊದಲಿಂದ ಬರೆಯುತ್ತೇನೆ.