ಎರಡು ಕಂತು ನೋಡಿ ಬರೆದ ವಿಮರ್ಶೆ

ನಾನು ಕೆಲಸ ಮಾಡುವುದು ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಕಣ್ಣಾರೆ ನೋಡದೆ ಇಪ್ಪತ್ತು ವರ್ಷಗಳಲ್ಲಿ ಒಂದು ಹಾಳೆಗೂ ಸಹಿ ಹಾಕಿದವಳಲ್ಲ. ಇಂಥ ಕಟ್ಟುನಿಟ್ಟಿನ ಹೆಂಗಸು ಎಂಟು ಕಂತಿನ ಧಾರಾವಾಹಿಯೊಂದರ ಎರಡೇ ಕಂತು ನೋಡಿ, ಇಡೀ ಪುಟದ ವಿಮರ್ಶೆ ಬರೆದಳು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಿ. ಬರೆದಿದ್ದೇನೆ.

ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಟೀವಿ ಕುರಿತು ಬರೆಯುವ ಅಂಕಣ ನನ್ನದು. ಹದಿಹರೆಯದವರಿಗಾಗಿ ತೆಗೆದ ಒಂದು ತೆಲುಗು ಧಾರಾವಾಹಿ ಆಗ ಹೈದರಾಬಾದಿನ ಮಕ್ಕಳೆಲ್ಲರ ಬಾಯಲ್ಲಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ನೋಡಿ ನನ್ನ ಜೊತೆ ಜಗಳಕ್ಕೆ ಬರುತ್ತೀರಿ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಕಾಣೆಯಾಗುತ್ತಾಳೆ. ಅವಳ ಮೂವರು ಗೆಳತಿಯರು ಟ್ಯೂಷನ್ನಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ, ಅವಳನ್ನು ಹುಡುಕಲು ಹೊರಡುತ್ತಾರೆ. ಎರಡನೇ ಕಂತು ಮುಗಿಯುವುದು ಅಲ್ಲಿ. ನನ್ನ ತಾಳ್ಮೆ ಮುಗಿದದ್ದೂ ಅಲ್ಲಿಯೇ. ನಮ್ಮ ಅಲಂಕಾರಶಾಸ್ತ್ರ ಭಯಾನಕವನ್ನೂ ಒಂದು ರಸವೆಂದು ಒಪ್ಪಿಕೊಂಡಿದೆ, ಆದರೆ ಇಲ್ಲಿರುವುದು ರಸವಲ್ಲ, ಬರೀ ಗದ್ದಲ. ಇಂಥದ್ದನ್ನು ನೋಡಿದ ಮಕ್ಕಳು ಮನೆಯವರ ಮಾತು ಕೇಳುವುದಿಲ್ಲ ಎಂದು ಬರೆದೆ. ಆ ‘ರಸ–ಗದ್ದಲ’ದ ವಾಕ್ಯವನ್ನು ಬರೆದು ಮುಗಿಸಿ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದದ್ದು ನೆನಪಿದೆ.

ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈ ಮುಗಿಯುವ ಚಿತ್ರಗಳು ಸಾಲುಗಟ್ಟಿದವು. ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, ಕಣ್ಣು ತೆರೆಸಿದಿರಿ ಎಂದರು. ಅವರು ಒಂದು ಕಂತನ್ನೂ ನೋಡಿರಲಿಲ್ಲ. ಆ ಲೆಕ್ಕದಲ್ಲಿ ನಾನೇ ವಿದುಷಿ. ಇತ್ತ ಅಂತರ್ಜಾಲದಲ್ಲಿ ಶಾಲೆಯ ಹುಡುಗಿಯರು ಬರೆದದ್ದನ್ನು ಓದಿ ನಗುತ್ತಿದ್ದೆ. ಐದನೇ ಕಂತಿನಲ್ಲಿ ಬಾಗಿಲು ತೆಗೆದ ಕೈಯ ಉಗುರುಬಣ್ಣ ಯಾವುದು ಎಂಬ ಬಗ್ಗೆಯೇ ಪುಟಗಟ್ಟಲೆ ವಾದ. ಅವರು ಮೂರು ಮೂರು ಸಲ ನೋಡಿ ಬರೆಯುತ್ತಿದ್ದಾರೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಪತ್ರಿಕೆ ಬಂದ ವಾರ, ಬುಧವಾರ ಸಂಜೆ ನಾನು ಕೆಲಸದಿಂದ ಬಂದಾಗ ಮಗಳು ಪಲ್ಲವಿ ಒಬ್ಬಳೇ ಕೂತಿದ್ದಳು. ಅವಳಿಗೂ ಹತ್ತನೇ ತರಗತಿ. ದಿನಾ ಸಂಜೆ ಅವಳ ಮೂವರು ಗೆಳತಿಯರು ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ಸೇರಿ ಓದುತ್ತಾರೆ. ಅವರಲ್ಲಿ ರೇಣುಕಾ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ.

“ಉಳಿದವ್ರು ಎಲ್ಲಿ?” ಎಂದೆ.

“ರೇಣುಕಾ ಇನ್ನ ಬರಾಂಗಿಲ್ಲ. ಅಕಿ ಅಪ್ಪ ನಿನ್ನ ರಿವ್ಯೂ ಓದ್ಯಾರ. ಇಲ್ಲಿ ಎಲ್ಲಾರೂ ಕೂಡಿ ಅದನ್ನ ನೋಡ್ತಾರ, ಕೆಡ್ತಾರ ಅಂತ. ರಾಯಚೂರಿಗೆ ಮಾಮಾನ ಮನಿಗೆ ಕಳಸ್ತೀನಿ ಅನ್ನಾಕತ್ತಾರ. ಅಕಿ ಬರಲಿಲ್ಲಂತ ಉಳಿದವ್ರೂ ಬರಲಿಲ್ಲ.”

ನಾನು ಏನೋ ಹೇಳಹೋದೆ. ಅವಳು ಬಿಡಲಿಲ್ಲ.

“ಮಮ್ಮಿ, ನೀ ಎಷ್ಟು ಎಪಿಸೋಡ್ ನೋಡಿದಿ?”

“ಒಂದಿಷ್ಟು.”

“ಎಷ್ಟು?”

“ಎರಡು.”

“ನಿಮ್ಮ ಲ್ಯಾಬಿನಾಗ ಹಿಂಗ ಟೆಸ್ಟ್ ಮಾಡದ ಪಾಸ್ ಮಾಡ್ತೀರೇನು?”

“ಪಾಸ್ ಎಲ್ಲಿ ಮಾಡೀನಿ? ಫೇಲ್ ಮಾಡೀನಿ,” ಎಂದೆ. ಆ ಮಾತಿಗೆ ನಕ್ಕವಳು ನಾನೊಬ್ಬಳೇ.

ಶನಿವಾರ ರಜೆ ಇತ್ತು. ಬೆಳಿಗ್ಗೆ ಅಡುಗೆ ಮುಗಿಸಿ ಟೀವಿ ಮುಂದೆ ಕೂತು ಉಳಿದ ಆರು ಕಂತುಗಳನ್ನು ನೋಡಿದೆ. ಆರನೆಯದರಲ್ಲಿ, ಮನೆಯವರಿಗೆ ಸುಳ್ಳು ಹೇಳಿ ಹೋಗಿದ್ದ ಹುಡುಗಿಯೊಬ್ಬಳು ಅಡುಗೆಮನೆಗೆ ಬಂದು ತಾಯಿಯ ಮುಂದೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ತಾಯಿ ಬೈಯುವುದಿಲ್ಲ. ಒಲೆ ಆರಿಸಿ, ನೆಲದ ಮೇಲೆ ಕೂತು, ಕೊನೆಯವರೆಗೂ ಕೇಳುತ್ತಾಳೆ. ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ. ಕಾಣೆಯಾದವಳು ಸಿಗುವ ದಾರಿ ತೆರೆಯುವುದೇ ಆ ಕೇಳುವಿಕೆಯಿಂದ. ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದೆ. ಹಾಗೆಂದು ವಿಮರ್ಶಕಿ ಸತ್ತಿರಲಿಲ್ಲ, ಅದೂ ಗೊತ್ತಿರಲಿ: ಏಳನೇ ಕಂತಿನ ಪೊಲೀಸರು ಶುದ್ಧ ಪೆದ್ದರು, ಬಾವಿಯಿಂದ ಮೇಲೆ ಬಂದ ಹುಡುಗಿಯ ಜಡೆ ಒಂದೆಳೆಯೂ ಬಿಚ್ಚಿರಲಿಲ್ಲ. ಈ ಎರಡು ಆಕ್ಷೇಪಗಳನ್ನು ನಾನು ಇವತ್ತಿಗೂ ಹಿಂತೆಗೆದುಕೊಂಡಿಲ್ಲ.

ಮರುದಿನ ರೇಣುಕಾಳ ಮನೆಗೆ ಹೋದೆ. ಅವಳ ತಂದೆ ವೀರೇಶಪ್ಪನವರು ರಾಯಚೂರಿನ ಕಡೆಯವರು, ಸೀರೆ ಅಂಗಡಿಯಲ್ಲಿ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಬೆಳೆಸಿದವರು. ಬಾಗಿಲಲ್ಲಿ ನನ್ನನ್ನು ಕಂಡವರೇ, “ಬರ್ರಿ ಮೇಡಂ, ಬರ್ರಿ. ಭಾಳ ಚಲೋ ಬರದೀರಿ ನೋಡ್ರಿ,” ಎಂದು ಒಳಗೆ ಕರೆದರು. ನನ್ನ ವಿಮರ್ಶೆ ಕತ್ತರಿಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ಬರೆದವರಿಗೆ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಬೇರೆ ದಿನವಾಗಿದ್ದರೆ ಫೋಟೋ ತೆಗೆದುಕೊಳ್ಳುತ್ತಿದ್ದೆ.

“ಅಣ್ಣಾರ, ಅದನ್ನ ನಾ ಪೂರಾ ನೋಡದ ಬರದೀನ್ರಿ,” ಎಂದೆ.

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. “ಹಂಗ ಬರೀತಾರೇನ್ರಿ?”

“ಬರೀಬಾರದ್ರಿ. ತಪ್ಪಾತು.”

ಅವರು ಮೆಲ್ಲಗೆ ಹೇಳಿದರು: “ನನಗ ತೆಲುಗು ತಿಳೀತೈತ್ರಿ, ಓದಾಕ ಬರೂದಿಲ್ಲ. ಕೂಸು ಫೋನಿನಾಗ ಏನ್ ನೋಡ್ತೈತಿ, ಏನ್ ಓದ್ತೈತಿ, ನನಗ ಹೆಂಗ ಗೊತ್ತಾಗಬೇಕು? ನಮ್ಮ ಮನಿಗೆ ಬರೂ ಕನ್ನಡ ಅಂದ್ರ ನಿಮ್ಮ ಪತ್ರಿಕಿ ಒಂದ. ಅದ್ರಾಗ ಅಚ್ಚಾದದ್ದು ಖರೇ ಇರತೈತಿ ಅಂತ ತಿಳ್ಕೊಂಡೀನಿ. ನಿಮ್ಮ ಮಾತು ನಂಬಿ ಅಕಿಗೆ ಬೈದೀನ್ರಿ. ನಾಕು ದಿನ ಆತು, ನನ್ನ ಜೋಡಿ ಮಾತಾಡಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೇಣುಕಾ ಒಳಗೆ ಸರಿದಳು.

“ನೀವ ನೋಡಿ ಹೇಳ್ರಿ ಮೇಡಂ, ಅದು ಚಲೋ ಐತೋ ಇಲ್ಲೋ,” ಎಂದರು.

“ಈ ಸಲ ನನ್ನ ಮಾತು ಬ್ಯಾಡ್ರಿ. ಮಗಳ ಜೋಡಿ ಕುಂತು ನೀವ ನೋಡ್ರಿ. ಆಮ್ಯಾಲೆ ರಾಯಚೂರಿಗೆ ಕಳಸೂದು ಬಿಡೂದು ನಿಮಗ ಬಿಟ್ಟದ್ದು.”

ಮೊದಲ ಕಂತನ್ನು ಅಲ್ಲೇ ಹಾಕಿಸಿದರು. ರೇಣುಕಾ ಮೊದಲು ಬಾಗಿಲ ಬಳಿಯೇ ನಿಂತಿದ್ದಳು. ಶಾಲೆಯ ಹಾಜರಿಯಲ್ಲಿ ಕಾಣೆಯಾದ ಹುಡುಗಿಯ ಹೆಸರು ಕೂಗಿದರೂ ಉತ್ತರ ಬಾರದೆ ಇದ್ದಾಗ ವೀರೇಶಪ್ಪನವರು, “ಅಯ್ಯ, ಎಲ್ಲಿ ಹೋತಿದು?” ಎಂದು ಗಾಬರಿಯಿಂದ ಕೇಳಿದರು. “ಹೇಳ್ತೀನಿ ತಡಿ ಅಪ್ಪಾ,” ಎಂದು ರೇಣುಕಾ ಬಂದು ಪಕ್ಕದಲ್ಲಿ ಕೂತಳು. ನಾಲ್ಕು ದಿನಗಳ ನಂತರದ ಮೊದಲ ಮಾತು ಅದು. ನಾನು ನಡುವೆಯೇ ಎದ್ದು ಬಂದೆ. ಅಲ್ಲಿ ವಿಮರ್ಶಕರ ಅಗತ್ಯವಿರಲಿಲ್ಲ.

ಸೋಮವಾರ ಸಂಜೆ ನಾಲ್ವರೂ ನಮ್ಮ ಮನೆಯಲ್ಲಿ ಓದುತ್ತಿದ್ದರು. ರಾಯಚೂರಿನ ಮಾತು ಮತ್ತೆ ಏಳಲಿಲ್ಲ. ಮುಂದಿನ ಸಂಚಿಕೆಯಲ್ಲಿ ಮೊದಲ ಸಾಲಿನಲ್ಲೇ ತಪ್ಪೊಪ್ಪಿಕೊಂಡು, ಎಂಟೂ ಕಂತುಗಳ ಬಗ್ಗೆ ಹೊಸದಾಗಿ ಬರೆದೆ. ಮೇಷ್ಟ್ರು ಫೋನ್ ಮಾಡಿ, ಮೊದಲನೆಯದೇ ಚೆನ್ನಾಗಿತ್ತು ಎಂದರು. ಇರಲಿ, ಅವರವರ ರಸಾಸ್ವಾದ.

ವೀರೇಶಪ್ಪನವರು ಅಂಗಡಿಯ ರಜೆಯ ದಿನ ಒಂದೊಂದೇ ಕಂತು ನೋಡುತ್ತಾರೆ. ಈಗ ಏಳು ಮುಗಿದಿವೆ. ಅಪರಾಧಿ ಯಾರೆಂದು ಅವರಿಗೆ ಖಚಿತವಾಗಿದೆ. ಮೊನ್ನೆ ನನಗೆ ಫೋನ್ ಮಾಡಿ, “ಆ ಕೆಮಿಸ್ಟ್ರಿ ಸರ್ ಮ್ಯಾಲೆ ನನಗ ಮೊದಲಿಂದ ಡೌಟ್ ಐತ್ರಿ. ಅಂವನ ನಗೀನ ಸರಿ ಇಲ್ಲ. ಬರದು ಇಟ್ಕೋರಿ,” ಎಂದರು. ಪಾಪ, ಕೆಮಿಸ್ಟ್ರಿ ಸರ್ ಚಿನ್ನದಂಥ ಮನುಷ್ಯ. ಇದು ನನಗೆ ಗೊತ್ತು, ಪಲ್ಲವಿಗೆ ಗೊತ್ತು, ಎಲ್ಲರಿಗಿಂತ ಮೊದಲು ರೇಣುಕಾಗೆ ಗೊತ್ತು. ಅಪ್ಪ ಕೇಳಿದಾಗಲೆಲ್ಲ ಅವಳು, “ಇರಬಹುದಪ್ಪಾ,” ಎಂದು ನಗು ಕಾಣದಂತೆ ಗೋಡೆಯ ಕಡೆ ಮುಖ ತಿರುಗಿಸುತ್ತಾಳಂತೆ. ಮಕ್ಕಳು ನಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದರೆ ಸಾಕು, ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಅದು ನಮ್ಮ ಸುಖಕ್ಕಾಗಿಯೂ ಇರಬಹುದೆಂದು ನಾವು ಯಾವತ್ತಾದರೂ ಯೋಚಿಸಿದ್ದೇವೆಯೇ?